ಸುತ್ತಿಗೆಯ ಹಿಡಿಕೆಗೆ ಸೀಸ ತೊಡಿಸಿದ್ದು

ನಿಮ್ಮ ಅಜ್ಜನಿಗೆ ಲಕ್ವ ಹೊಡೆದದ್ದು ಯುಗಾದಿ ಮುಗಿದ ಎಂಟನೆಯ ದಿನ, ಬೆಳಗಿನ ಹೊತ್ತು, ಕುಲುಮೆಯಲ್ಲಿಯೇ. ನಾನು ಘನ, ಎಂದರೆ ಎರಡು ಕೈಯ ದೊಡ್ಡ ಸುತ್ತಿಗೆ, ಎತ್ತಿ ನಿಂತಿದ್ದೆ. ಅವರು ಕೈಸುತ್ತಿಗೆಯಿಂದ ಕೆಂಪಗೆ ಕಾದ ಕಬ್ಬಿಣದ ಮೇಲೆ ಒಂದು ಏಟು ಹಾಕಿ, ನಾನು ಎಲ್ಲಿ ಹೊಡೆಯಬೇಕೆಂದು ತೋರಿಸಬೇಕಿತ್ತು. ಆ ಏಟು ಬರಲಿಲ್ಲ. ಘನವನ್ನು ತಲೆಯ ಮೇಲೆ ಹಿಡಿದುಕೊಂಡೇ ಕಾದೆ. ಸುತ್ತಿಗೆ ಅವರ ಕೈಯಿಂದ ಜಾರಿ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಪಕ್ಕದ ಬೂದಿಯಲ್ಲಿ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವರು ಹಾಗೆಯೇ ಬಲಕ್ಕೆ ವಾಲಿದರು.

ನಾಲ್ಕು ಜನ ಕೂತಲ್ಲಿ ನಿಮ್ಮ ಈ ಅಜ್ಜಿಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತೇ ಇದೆ. ಬಾಯಿಂದ ಹೇಳಲಾಗದ್ದನ್ನು ಬರೆದಿಡುತ್ತಿದ್ದೇನೆ. ನಮ್ಮ ಸಂಸಾರದ ಕತೆಯೆಲ್ಲ ಬೇಡ. ಆ ವರ್ಷ ಯುಗಾದಿಯಿಂದ ರೋಹಿಣಿ ಮಳೆಯ ತನಕ, ಆ ಎರಡು ತಿಂಗಳಲ್ಲಿ ನಾನು ಮಾಡಿದ್ದನ್ನಷ್ಟೇ ಬರೆಯುತ್ತೇನೆ.

ಮೊದಲು ಕೆಲಸದ ರೀತಿ ತಿಳಿದುಕೊಳ್ಳಿ. ಕುಲುಮೆಯಲ್ಲಿ ಇಬ್ಬರು ಬೇಕು. ಕಂಬಾರ ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಕೈಸುತ್ತಿಗೆ ಹಿಡಿದು ಕೂರುತ್ತಾನೆ. ಎದುರಿಗೆ ಘನ ಹೊಡೆಯುವವರು ನಿಲ್ಲುತ್ತಾರೆ. ನಮ್ಮಲ್ಲಿ ಆ ಕೆಲಸ ಹೆಂಗಸರದು. ಹದಿನೇಳು ವರ್ಷದವಳಿದ್ದಾಗಿನಿಂದ ನಾನು ಘನ ಎತ್ತಿದ್ದೆ. ಕೈಸುತ್ತಿಗೆ ಎಲ್ಲಿ ಮುಟ್ಟುತ್ತದೋ ಅಲ್ಲಿಗೆ ಘನ ಬೀಳಬೇಕು. ಕೈಸುತ್ತಿಗೆ ಅಡಿಗಲ್ಲನ್ನು ಬರಿದೆ ತಟ್ಟಿದರೆ ನಿಲ್ಲಿಸಬೇಕು. ಎದುರು ಬದುರು ನಿಂತು ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೆ ದುಡಿದೆವು. ಕೆಲಸದ ಹೊತ್ತಿನಲ್ಲಿ ನಮ್ಮಲ್ಲಿ ಮಾತೇ ಇರುತ್ತಿರಲಿಲ್ಲ, ಸುತ್ತಿಗೆಯೇ ಮಾತಾಡುತ್ತಿತ್ತು.

ಬಿಜಾಪುರದ ದವಾಖಾನೆಯಲ್ಲಿ ಹನ್ನೆರಡು ದಿನ ಇದ್ದೆವು. ಮಾತು ತೊದಲಾಗಿ ಮರಳಿ ಬಂತು, ಕಾಲೂ ಅರ್ಧ ಬಂತು. ಬಲಗೈ ಬರಲಿಲ್ಲ. ಡಾಕ್ಟರು, "ಎಣ್ಣಿ ಹಚ್ಚಿ ತಿಕ್ಕರಿ, ಬೆರಳ ಒಂದೊಂದ ಬಿಡಿಸರಿ. ಬಂದ್ರೂ ಬರಬಹುದು" ಎಂದರು. ಆ "ಬಂದ್ರೂ ಬರಬಹುದು" ಎನ್ನುವುದನ್ನು ಕಟ್ಟಿಕೊಂಡು ಮನೆಗೆ ಬಂದೆವು.

ಆಲಮಟ್ಟಿ ಅಣೆಕಟ್ಟಿನಿಂದ ಕೃಷ್ಣೆಯ ನೀರು ಏರುತ್ತದೆಂದು ಹಳೆಯ ಊರು ಬಿಟ್ಟು, ಕೊಲ್ಹಾರದ ಈಚೆ ಕಟ್ಟಿಕೊಟ್ಟ ಹೊಸ ಊರಿಗೆ ಬಂದು ಆಗ ಮೂರು ವರ್ಷವಾಗಿತ್ತು. ಊರು ಬದಲಾದರೂ ಆಯ ಬದಲಾಗಿರಲಿಲ್ಲ. ಸುಗ್ಗಿಯಲ್ಲಿ ಮನೆ ಮನೆಯವರೂ ನಮಗೆ ಜೋಳ ಅಳೆದು ಕೊಡುವುದು, ರೋಹಿಣಿ ಮಳೆ ಬೀಳುವುದರೊಳಗೆ ನಾವು ಅವರ ಕುಂಟೆಯ ಅಲಗಾದ ಕುಡ, ನೇಗಿಲಿನ ಕುಳ ಕಾಯಿಸಿ ಹಣಿದು ಕೊಡುವುದು. ಆದರೆ ಮನಗೂಳಿಯಲ್ಲಿ ವೆಲ್ಡಿಂಗ್ ಅಂಗಡಿ ಆಗಿತ್ತು. ಒಮ್ಮೆ ಅತ್ತ ಹೋದ ರೈತ ಮತ್ತೆ ಕುಲುಮೆಯ ಕಡೆ ಬರುವುದಿಲ್ಲ. ನಿಮ್ಮ ಅಪ್ಪ ಮುದ್ದೇಬಿಹಾಳದಲ್ಲಿ ಹಾಸ್ಟೆಲಿನಲ್ಲಿದ್ದು ಐಟಿಐ ಕಲಿಯುತ್ತಿದ್ದ. ಅವನನ್ನು ಕರೆಸಬಾರದೆಂದು ನಿಮ್ಮ ಅಜ್ಜ ಎಡಗೈ ಅಡ್ಡ ಆಡಿಸಿ ಹೇಳಿಬಿಟ್ಟರು. ನನಗೆ ಬೇಕಾದದ್ದು ಒಂದೇ: ಅವರ ಕೈ ಬರುವ ತನಕ ಕುಲುಮೆ ಆರಬಾರದು. ಕೈ ಬಂದಾಗ ಕೂರಲು ಅವರಿಗೆ ಅಲ್ಲಿ ಜಾಗ ಇರಬೇಕು.

ನಮ್ಮ ಓಣಿಯ ನಾಲಬಂದ ಅಣ್ಣ, ಎತ್ತುಗಳಿಗೆ ನಾಲು ಕಟ್ಟುವವನು, ಕೇಳದೆಯೇ ಬಂದ. "ತಂಗಿ, ಮುಂಜಾನಿ ಎರಡ ತಾಸ ನಾ ಘನ ಹೊಡಿತೀನಿ. ನೀ ಕುಂದ್ರು ಅವ್ರ ಜಾಗಾದಾಗ" ಎಂದ. ನಾನು ಕುಳಿತೆ. ನಿಮ್ಮ ಅಜ್ಜನನ್ನು ಗೋಡೆಗೆ ಒರಗಿಸಿ, ಗೋಣಿಚೀಲದ ಮೇಲೆ ಕೂರಿಸಿದ್ದೆವು. ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅವರು ತಮ್ಮ ಸುತ್ತಿಗೆ ಕೇಳಿ ಇಸಿದುಕೊಳ್ಳುತ್ತಿದ್ದರು. ಎಡಗೈಯಿಂದ ಬಲಗೈಯ ಬೆರಳು ಬಿಡಿಸಿ, ಹಿಡಿಕೆಯನ್ನು ಅಂಗೈಯಲ್ಲಿಟ್ಟು, ಮತ್ತೆ ಒಂದೊಂದೇ ಬೆರಳು ಮಡಚುತ್ತಿದ್ದರು. ಎತ್ತಲು ನೋಡುತ್ತಿದ್ದರು. ಸುತ್ತಿಗೆ ತೊಡೆಯ ಮೇಲೆಯೇ ಮಲಗಿರುತ್ತಿತ್ತು. ಆಮೇಲೆ ನನಗೆ ಕೊಡುತ್ತಿದ್ದರು.

ಆ ಸುತ್ತಿಗೆಯ ತಲೆ ಎರಡು ಕಿಲೋಗೆ ತುಸು ಕಡಿಮೆ. ಹಿಡಿಕೆ ಜಾಲಿಯದು, ಉದ್ದ. ತುದಿಯಲ್ಲಿ, ಅವರು ಹಿಡಿಯುವ ಕಡೆ, ಹೆಬ್ಬೆರಳು ಕೂತು ಕೂತು ಒಂದು ತಗ್ಗು ಬಿದ್ದಿತ್ತು. ನನ್ನ ಹೆಬ್ಬೆರಳು ಅದರಲ್ಲಿ ಮುಳುಗಿಹೋಗುತ್ತಿತ್ತು.

ಘನ ಹೊಡೆದ ಕೈಗೆ ಕೈಸುತ್ತಿಗೆ ಬರುವುದಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ಘನದಲ್ಲಿ ಎರಡೂ ಕೈ, ಸೊಂಟ, ಹೆಗಲು ಕೆಲಸ ಮಾಡುತ್ತವೆ. ಮಣಿಕಟ್ಟು ಸುಮ್ಮನಿರಬೇಕು, ಭಾರವೇ ತನ್ನನ್ನು ತಾನು ಇಳಿಸಿಕೊಳ್ಳುತ್ತದೆ. ಕೈಸುತ್ತಿಗೆ ಹಾಗಲ್ಲ. ಒಂದೇ ಕೈ, ಸಣ್ಣ ಬೀಸು, ಕೊನೆಯಲ್ಲಿ ಮಣಿಕಟ್ಟು ತಿರುಗಿ ಮುಖ ಸಪಾಟಾಗಿ ಬೀಳಬೇಕು. ನನ್ನದು ಮುಂದಿನ ಅಂಚಿನ ಮೇಲೆ ಬೀಳುತ್ತಿತ್ತು. ಕಾದ ಕುಡದ ಮೇಲೆ ಅರ್ಧಚಂದ್ರದ ಹಾಗೆ ಗಾಯ ಮೂಡುತ್ತಿತ್ತು. ಆ ಗಾಯ ಸರಿಪಡಿಸಲು ಮತ್ತೆ ಕಾಯಿಸುವುದು, ಮತ್ತೆ ಹೊಡೆಯುವುದು, ಮತ್ತೆ ಗಾಯ. ಮೂರು ಸಲ ಕಾಯಿಸಿದ ಕಬ್ಬಿಣದಲ್ಲಿ ಸತ್ವ ಉಳಿಯುವುದಿಲ್ಲ.

ಮೊದಲು ಒಯ್ದವರು ಎರಡು ಜೋಡಿ ಎತ್ತಿನ ಒಬ್ಬ ಹಿರಿಯರು. ಕುಡವನ್ನು ಬೆಳಕಿಗೆ ಹಿಡಿದು ನೋಡಿದರು.

"ಅಲ್ಲವಾ ಕಂಬಾರಕ್ಕ, ಇದು ಕುಡಾನೋ ಹಪ್ಪಳಾನೋ? ಎಲ್ಲಾ ಕಡೆ ಕುಣಿ ಬಿದ್ದಾವಲ್ಲ!"

ನಾನು ಸೆರಗು ಬಾಯಿಗೆ ಹಿಡಿದು ನಿಂತೆ. ನಾಲಬಂದ ಅಣ್ಣನೇ, "ಕುಣಿ ಇದ್ರ ಏನಾತ್ರಿ, ಹರಗೂದು ನೆಲಾನ ಅಲ್ಲ? ನಿಮಗೇನ ಅದರಾಗ ಮಾರಿ ನೋಡ್ಕೋಬೇಕಾಗೇತೇನು?" ಎಂದ. ಅವರು ನಕ್ಕು ಒಯ್ದರು. ಆದರೆ ಹೋಗುವಾಗ ಅಜ್ಜನ ಕಡೆ ನೋಡಿ, "ನೀ ಲಗೂನ ಏಳಪಾ" ಎಂದರು. ನಿಮ್ಮ ಅಜ್ಜ ಸೊಟ್ಟ ಬಾಯಿಂದ, "ಏಳ್ತೇನಿ. ರೋಹಿಣಿಗೆ" ಎಂದರು.

ಸಂತೆಯಿಂದ ಒಂದು ಹೊಸ ಸುತ್ತಿಗೆ ತರಿಸಿ ನೋಡಿದೆ. ಅದರ ಮುಖ ಕಡಕ್ ಸಪಾಟು, ಅಂಚು ಚೂಪು. ಗಾಯ ಇನ್ನೂ ಆಳವಾದವು, ಮೂರನೆಯ ದಿನ ಮೂಲೆಯೇ ಸಿಡಿಯಿತು. ಅಜ್ಜನ ಸುತ್ತಿಗೆಯ ಮುಖ ವರ್ಷಗಟ್ಟಲೆ ಹೊಡೆದು ತುಸು ಉಬ್ಬಾಗಿತ್ತು. ಅಂಥದು ಸಂತೆಯಲ್ಲಿ ಸಿಗುವುದಿಲ್ಲ. ಮತ್ತೆ ಅದನ್ನೇ ಹಿಡಿದೆ.

ಹೀಗಿರುವಾಗ ಒಂದು ದಿನ ಆಲಮಟ್ಟಿ ಕ್ಯಾಂಪಿನ ಇಂಜಿನಿಯರ್ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಮೈಸೂರು ಕಡೆಯವರು. ಕೈಯಲ್ಲಿ ಒಂದು ಉಕ್ಕಿನ ಕೋಲು, ತುದಿಯಲ್ಲಿ ಅಂಗೈ ಅಗಲದ ಕಬ್ಬಿಣದ ತಲೆ. ಹಿನ್ನೀರಿನ ದಂಡೆಯ ಬಯಲಿನಲ್ಲಿ ಚೆಂಡು ಹೊಡೆಯುವಾಗ ಕಲ್ಲಿಗೆ ಬಡಿದು, ತಲೆ ಸೇರುವ ಕುತ್ತಿಗೆ ಸೊಟ್ಟಾಗಿತ್ತು.

"ಗಾಲ್ಫ್ ಆಟದ ಕೋಲಮ್ಮ ಇದು. ಕುತ್ತಿಗೆ ಸ್ವಲ್ಪ ನೆಟ್ಟಗೆ ಮಾಡ್ಕೊಟ್ರೆ ಸಾಕು" ಎಂದರು.

"ಚೆಂಡ ಹೊಡ್ಯಾಕ ಇಷ್ಟ ಕಬ್ಬಿಣ ಬೇಕೇನ್ರಿ ಸಾಹೇಬ್ರ? ನಾವು ಚಿಣಿಫಣಿ ಆಡೂಮುಂದ ಚಿಣಿ ಹೊಡ್ಯಾಕ ಬೇಲಿ ಕಟಿಗಿ ಸಾಕಾಗ್ತಿತ್ತು" ಎಂದ ನಾಲಬಂದ ಅಣ್ಣ.

ಸೊಟ್ಟ ಕಬ್ಬಿಣ ಬಂದರೆ ಕಾಯಿಸಿಯೇ ತಿದ್ದುವುದು ನಮಗೆ ಗೊತ್ತಿದ್ದ ದಾರಿ. ಒಂದು ಮಾತೂ ಕೇಳದೆ ಕುತ್ತಿಗೆಯನ್ನು ಕೆಂಡಕ್ಕೆ ಇಟ್ಟೆ. ಕೆಂಪಾಗುವ ಮೊದಲೇ ಕಪ್ಪು ಹೊಗೆ ಬಂತು, ಸುಟ್ಟ ವಾಸನೆ ಬಂತು. ಇಕ್ಕಳದಿಂದ ಎತ್ತಿದರೆ ತಲೆ ಕಳಚಿ ಕೆಂಡದಲ್ಲಿ ಉಳಿಯಿತು, ಬರಿ ಕೋಲು ನನ್ನ ಕೈಗೆ ಬಂತು. ಅದನ್ನು ಒಳಗೆ ಅಂಟಿನಿಂದ ಕೂರಿಸಿದ್ದರಂತೆ. ಕಬ್ಬಿಣಕ್ಕೆ ಕಬ್ಬಿಣವನ್ನು ಅಂಟಿನಿಂದ ಕೂರಿಸುತ್ತಾರೆಂದು ನನಗೇನು ಗೊತ್ತು! ಸಾಹೇಬರು "ಅಯ್ಯೋ" ಎಂದವರು ನನ್ನ ಮುಖ ನೋಡಿ ಅಲ್ಲಿದ್ದ ಕಲ್ಲಿನ ಮೇಲೆ ಕೂತರು.

ಕುತ್ತಿಗೆ ತಿದ್ದಿ, ಒಳಗಿನ ಮಸಿ ಕೆರೆದು, ಕುಡುಗೋಲಿಗೆ ಹಿಡಿ ಕೂರಿಸುವ ಹಾಗೆ ಅರಗು ಕಾಯಿಸಿ ಹೊಯ್ದು ತಲೆ ಸೇರಿಸಿದೆ. ಗಟ್ಟಿಯಾಗಿ ಕೂತಿತು. ಸಾಹೇಬರು ಅಂಗಳದಲ್ಲಿ ನಿಂತು ಚೆಂಡಿಲ್ಲದೆ ಬೀಸಿದರು. ಮತ್ತೆ ಬೀಸಿದರು. ತಲೆ ಅಲ್ಲಾಡಿಸಿದರು.

"ಕೈ ಮುಂಚೆ ತಿರುಗ್ತಿದೆ ಕಣಮ್ಮ. ಒಳಗೊಂದು ಸಣ್ಣ ಸೀಸದ ಗುಂಡು ಇತ್ತಾ?"

ಕೋಲಿನಿಂದ ಏನೋ ಕಸ ಬಿತ್ತೆಂದು ನಾನು ಅದನ್ನು ಬೂದಿಗೆ ತಳ್ಳಿದ್ದೆ. ಬೂದಿ ಸೋಸಿ ಹುಡುಕಿದೆ. ಕರಗಿ ಚಪ್ಪಟೆಯಾಗಿದ್ದ ಸೀಸ ಸಿಕ್ಕಿತು. ಅಡಿಕೆಯ ಹೋಳಿನಷ್ಟೂ ಇಲ್ಲ. ಅದನ್ನು ಮತ್ತೆ ಗುಂಡು ಮಾಡಿ ಒಳಗಿಟ್ಟು, ಅರಗು ಹೊಯ್ದು ಕೊಟ್ಟೆ. ಬೀಸಿದರು. ಈ ಸಲ ನಕ್ಕರು.

ಇಷ್ಟು ಸಣ್ಣ ಸೀಸ ಒಬ್ಬ ಮನುಷ್ಯನ ಕೈಯನ್ನು ಬದಲಿಸುತ್ತದೆಯೇ? ನನಗೆ ತಡೆಯಲಾಗಲಿಲ್ಲ. ಪರಗಂಡಸರ ಎದುರು ತಲೆ ಎತ್ತದ ನಾನು, "ಸಾಹೇಬ್ರ, ಅಷ್ಟ ಸೀಸಕ್ಕ ಏನಾಗತೈತ್ರಿ?" ಎಂದು ಕೇಳಿಬಿಟ್ಟೆ.

ಅವರು ನಿಧಾನವಾಗಿ ಬೀಸಿ ತೋರಿಸಿದರು. ಮೇಲೆ ಹೋಗುವಾಗ ಮಣಿಕಟ್ಟು ಮಡಚುತ್ತದೆ. ಇಳಿಯುವಾಗ ಕೈ ಮುಂದೆ, ಕೋಲಿನ ತಲೆ ಹಿಂದೆ. ಚೆಂಡಿನ ಹತ್ತಿರ ಬಂದಾಗ ಮಣಿಕಟ್ಟು ತಾನಾಗಿ ಬಿಚ್ಚಿಕೊಳ್ಳಬೇಕು. "ನಾವು ಬಿಚ್ಚಬಾರದು, ಭಾರ ಬಿಚ್ಚಬೇಕು. ತಲೆ ಹಗುರ ಆದ್ರೆ, ಅದು ಎಲ್ಲಿದೆ ಅಂತ ಕೈಗೆ ಗೊತ್ತಾಗಲ್ಲ. ಆತುರ ಬಿದ್ದು ಮುಂಚೆಯೇ ತಿರುಗಿಬಿಡುತ್ತೆ" ಎಂದರು. ಜೀಪು ಹತ್ತುವಾಗ ಇನ್ನೊಂದು ಮಾತೂ ಹೇಳಿದರು. ಅವರ ಗೆಳೆಯರೊಬ್ಬರಿಗೆ ಮಣಿಕಟ್ಟು ನೋವಂತೆ. ಅವರು ಹಿಡಿಕೆಯ ಒಳಗೆ, ಕೈ ಇರುವ ತುದಿಗೆ ಸೀಸ ತುಂಬಿಸಿಕೊಂಡಿದ್ದಾರಂತೆ. ಕೋಲು ಭಾರವಾದರೂ ಕೈಗೆ ತಲೆ ಹಗುರ ಎನಿಸುತ್ತದಂತೆ.

ಮೊದಲಿನ ಮಾತು ನನ್ನ ತಲೆಯಲ್ಲಿ ಕೂತಿತು. ಕೊನೆಯದನ್ನು ಬಿಟ್ಟುಬಿಟ್ಟೆ. ಅದೇ ನಾನು ಮಾಡಿದ ತಪ್ಪು. ಘನ ಭಾರವಿತ್ತು, ಅದು ಎಲ್ಲಿದೆ ಎಂದು ನನ್ನ ಕೈಗೆ ಗೊತ್ತಿರುತ್ತಿತ್ತು. ಕೈಸುತ್ತಿಗೆಯ ತಲೆಯೂ ಭಾರವಾದರೆ ಸರಿಹೋಗುತ್ತದೆ ಎಂದುಕೊಂಡೆ. ಕೊಲ್ಹಾರದ ಮೀನುಗಾರರು ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ನಾಲಬಂದ ಅಣ್ಣ ತಂದುಕೊಟ್ಟ. ಕರಗಿಸಿ, ಪಟ್ಟಿ ಬಡಿದು, ಸುತ್ತಿಗೆಯ ತಲೆಯ ಎರಡೂ ಕೆನ್ನೆಗೆ ತಂತಿಯಿಂದ ಬಿಗಿದೆ. ನಿಮ್ಮ ಅಜ್ಜ ನೋಡುತ್ತಿದ್ದರು. "ತಗೀತಿ ಹೌದಲ್ಲ ಆಮ್ಯಾಲ?" ಎಂದು ಕೇಳಿದರು. "ತಗೀತೇನ್ರಿ. ನಿಮ್ಮ ಕೈ ಬರೂತನಾ ಅಷ್ಟ" ಎಂದೆ.

ಮೊದಲ ಹತ್ತು ಏಟು ಚೆನ್ನಾಗಿ ಬಿದ್ದವು. ಆಮೇಲೆ ಕೈ ಸೋತಿತು. ಸೋತಷ್ಟೂ ಬಿಗಿಯಾಗಿ ಹಿಡಿದೆ. ಬಿಗಿ ಹಿಡಿದಷ್ಟೂ ಮಣಿಕಟ್ಟು ತಿರುಗಲಿಲ್ಲ, ಅಂಚು ಇನ್ನೂ ಆಳಕ್ಕೆ ಇಳಿಯಿತು. ನಾಲ್ಕು ದಿನದಲ್ಲಿ ಆರು ಕುಡ ಕೆಡಿಸಿದೆ. ಒಂದು, ನೀರಿಗೆ ಅದ್ದಿ ಹದ ಕೊಡುವಾಗ, ಗಾಯವಿದ್ದ ಕಡೆ ಟಪ್ಪೆಂದು ಸೀಳಿತು. ಆ ಸದ್ದಿಗೆ ನಿಮ್ಮ ಅಜ್ಜ ಕಣ್ಣು ಮುಚ್ಚಿಕೊಂಡರು. ಕುಡದ ಒಡೆಯ ಎರಡೂ ತುಂಡು ಚೀಲಕ್ಕೆ ಹಾಕಿಕೊಂಡು ಒಂದು ಮಾತೂ ಆಡದೆ ಮನಗೂಳಿಯ ಬಸ್ಸು ಹತ್ತಿದ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಇನ್ನೂ ಮೂವರು ಬಂದು, ಕೊಟ್ಟಿದ್ದ ಕುಡಗಳನ್ನು ಹಾಗೆಯೇ ವಾಪಸು ಒಯ್ದರು. ನನ್ನ ಮಣಿಕಟ್ಟು ಊದಿ, ರೊಟ್ಟಿ ಬಡಿಯಲೂ ಆಗಲಿಲ್ಲ. ಆಗ ಮುಗಿಯಿತು ಎಂದುಕೊಂಡೆ. ಬೆಂಕಿ ಹಚ್ಚದೆ ಎರಡು ದಿನ ಕೂತೆ. ಹೊಸ ಊರಿನ ಹೊಸ ಕುಲುಮೆ, ಅದಕ್ಕೆ ಇನ್ನೂ ಸರಿಯಾಗಿ ಮಸಿ ಕೂಡ ಹಿಡಿದಿರಲಿಲ್ಲ.

ಮೂರನೆಯ ದಿನ ನಾಲಬಂದ ಅಣ್ಣ ಬಂದು, "ಏಳ ತಂಗಿ, ನನಗ ನಾಲ ಬೇಕಾಗ್ಯಾವ. ಕೆಟ್ಟ ಮಾಡಿಕೊಟ್ರೂ ನಡಿತೈತಿ, ಎತ್ತೇನು ಕಾಲ ಎತ್ತಿ ನೋಡ್ಕೊಳ್ಳೂದಿಲ್ಲ" ಎಂದ. ನಗಲಿಲ್ಲ ನಾನು, ಆದರೂ ಎದ್ದೆ. ತಲೆಗೆ ಬಿಗಿದಿದ್ದ ಸೀಸ ಬಿಚ್ಚಿ ಹಾಕಿದೆ. ಮಣಿಕಟ್ಟು ನೋಯುತ್ತಿದ್ದರಿಂದ ಹಿಡಿಕೆಯ ತುದಿ ಹಿಡಿಯಲು ಆಗದೆ, ಕೈ ತಾನಾಗಿ ಮೇಲೆ ಸರಿದು ನಡುವೆ ಹಿಡಿಯಿತು. ಹೊಡೆದೆ. ಸಪಾಟಾಗಿ ಬಿತ್ತು. ಇನ್ನೊಂದು. ಅದೂ ಸಪಾಟು. ನಾಲಬಂದ ಅಣ್ಣ ಘನ ಎತ್ತಿದವನು ಹಾಗೆಯೇ ನಿಂತು ನನ್ನನ್ನು ನೋಡಿದ.

ಕೈ ತಲೆಯ ಹತ್ತಿರ ಬಂದಿತ್ತು. ಹಿಡಿಕೆಯ ಉಳಿದ ಅರ್ಧ ಮುಷ್ಟಿಯ ಹಿಂದೆ ಬಾಲದ ಹಾಗೆ ಚಾಚಿತ್ತು. ಮುಂದಿನ ಭಾರವನ್ನು ಹಿಂದಿನ ಬಾಲ ತುಸು ಎತ್ತಿಹಿಡಿಯುತ್ತಿತ್ತು, ಮಣಿಕಟ್ಟು ಸಡಿಲಾಗಿತ್ತು. ಸಾಹೇಬರ ಗೆಳೆಯರು ಹಿಡಿಕೆಗೆ ಸೀಸ ತುಂಬಿಸಿಕೊಂಡ ಮಾತು ಆಗ ನೆನಪಾಯಿತು. ಆದರೆ ಆ ಬಾಲ ಪ್ರತಿ ಏಟಿಗೂ ಮೊಳಕೈಗೆ ಬಡಿಯುತ್ತಿತ್ತು, ಸೆರಗಿಗೆ ಸಿಕ್ಕುತ್ತಿತ್ತು. ಒಂದು ತಾಸಿನಲ್ಲಿ ಮೊಳಕೈಯ ಒಳಗೆ ಚರ್ಮ ಕಿತ್ತು ರಕ್ತ ಬಂತು. ಬಟ್ಟೆ ಸುತ್ತಿಕೊಂಡು ಎರಡು ದಿನ ಹೊಡೆದೆ. ಆಗಲಿಲ್ಲ. ಬಾಲ ಹೋಗಬೇಕು, ಬಾಲದ ಭಾರ ಉಳಿಯಬೇಕು. ಅಂದರೆ ಹಿಡಿಕೆಯನ್ನು ಕತ್ತರಿಸಿ, ಉಳಿದ ಮೋಟಿನ ತುದಿಗೆ ಸೀಸ ತೊಡಿಸಬೇಕು.

ಹೊಸ ಹಿಡಿಕೆ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಜಾಲಿ ಸುತ್ತಿಗೆಯ ಕಣ್ಣಿನಲ್ಲಿ ಬೆಣೆ ಹೊಡೆದು ಹತ್ತಾರು ವರ್ಷ ಬಿಗಿದುಕೊಂಡಿತ್ತು. ಅದನ್ನು ತೆಗೆಯಬೇಕೆಂದರೂ ಕತ್ತರಿಸಿಯೇ ತೆಗೆಯಬೇಕು, ಸುಟ್ಟರೆ ಮುಖದ ಹದ ಹೋಗುತ್ತದೆ. ಹೇಗೆ ಮಾಡಿದರೂ, ಕತ್ತರಿಸಿ ಬೀಳುವುದು ತುದಿಯ ಆ ಗೇಣುದ್ದದ ತುಂಡು. ನಿಮ್ಮ ಅಜ್ಜ ಹಿಡಿಯುವ ಜಾಗ, ಹೆಬ್ಬೆರಳಿನ ತಗ್ಗು ಇದ್ದದ್ದು. ಅವರಿಗೆ ಕುಲುಮೆ ಉಳಿಸಲೆಂದು ಅವರ ಹಿಡಿತವನ್ನೇ ಕತ್ತರಿಸಬೇಕು. ರೋಹಿಣಿಗೆ ಹನ್ನೊಂದು ದಿನ ಉಳಿದಿತ್ತು, ಹದಿನೆಂಟು ಮನೆಯ ಕುಡ ಮೂಲೆಯಲ್ಲಿದ್ದವು.

ಅವರು ಕಾಣದ ಹಾಗೆ ಮಾಡಬೇಕೆಂದು ಮೊದಲು ಅನಿಸಿತು. ಆಗಲಿಲ್ಲ, ಬೆಳಿಗ್ಗೆ ಸುತ್ತಿಗೆ ಕೇಳುತ್ತಾರಲ್ಲ. ಎದುರಿಗೆ ಕೂತು ಹೇಳಿದೆ.

"ಕೊರೀಬೇಕಾಗೇತ್ರಿ ಇದನ್ನ."

ಅವರು ಸುತ್ತಿಗೆ ನೋಡಿದರು, ನನ್ನ ಮೊಳಕೈಗೆ ಸುತ್ತಿದ ಬಟ್ಟೆ ನೋಡಿದರು.

"ರೋಹಿಣಿ ತನಾ ತಡಿ. ನನ್ನ ಕೈ..."

"ತಡದ್ರ ಊರ ಮನಗೂಳಿಗೆ ಹೋಗತೈತ್ರಿ."

"ಆಮ್ಯಾಲ ನಾ ಯಾತರಿಂದ ಹೊಡೀಲಿ?"

ಹೊಸ ಹಿಡಿಕೆ ಹಾಕಿಕೊಡುತ್ತೇನೆ ಎನ್ನಬಹುದಿತ್ತು. ಬಾಯಿಗೆ ಬರಲಿಲ್ಲ. ನಾನು ಸುಮ್ಮನಿದ್ದದ್ದೇ ಅವರಿಗೆ ಉತ್ತರವಾಯಿತು. ಅವರ ಕೈ ಬರುವುದಿಲ್ಲ ಎಂದು ನಾನು ಆಗಲೇ ತಿಳಿದುಕೊಂಡಿದ್ದೆನೇ? ಇವತ್ತಿಗೂ ಗೊತ್ತಿಲ್ಲ. ಅವರು ಮಾತ್ರ ಹಾಗೆಂದೇ ತಿಳಿದರು. "ಕೊರಿ" ಎಂದರು.

ಗರಗಸ ಹಾಕಿದೆ. ಜಾಲಿ ಗಟ್ಟಿ, ಬೇಗ ಹೋಗುವುದಿಲ್ಲ. ತುಂಡು ಬಿದ್ದಾಗ ಅವರು ಎಡಗೈ ಚಾಚಿದರು. ಕೊಟ್ಟೆ. ಹೆಬ್ಬೆರಳಿನಿಂದ ಆ ತಗ್ಗನ್ನು ಒಂದೆರಡು ಸಲ ಸವರಿದರು. ಎಡಗೈಯ ಹೆಬ್ಬೆರಳಿಗೆ ಅದು ಹೊಂದಲಿಲ್ಲ. ನನಗೆ ಮರಳಿ ಕೊಟ್ಟು, "ಬೆಂಕ್ಯಾಗ ಹಾಕು" ಎಂದರು. ಇಟ್ಟುಕೊಳ್ಳೋಣ ಎಂದೆ. "ಹಾಕು" ಎಂದರು. ಅವರು ನೋಡುತ್ತಿದ್ದರು, ಹಾಕಿದೆ.

ಬರಿ ಮೋಟು ಹಿಡಿಕೆಯಿಂದ ಹೊಡೆದು ನೋಡಿದರೆ ತಲೆ ಮತ್ತೆ ಮುಂದಕ್ಕೆ ತೂಗಿತು. ತುದಿಯಲ್ಲಿ ಸುತ್ತಲೂ ಕಚ್ಚು ಹಾಕಿ, ಅಡ್ಡ ಒಂದು ತೂತು ಕೊರೆದೆ. ಕಟ್ಟಿಗೆಯಲ್ಲಿ ಹಸಿ ಇದ್ದರೆ ಸೀಸ ಸಿಡಿಯುತ್ತದೆ, ಒಂದಿಡೀ ದಿನ ಬಿಸಿಲಿಗಿಟ್ಟೆ. ಮಣ್ಣಿನ ಅಚ್ಚು ಕಟ್ಟಿ, ಒಣಗಿಸಿ, ಸೀಸ ಹೊಯ್ದೆ. ಬೆರಳ ಮೇಲೆ ಸುತ್ತಿಗೆ ತೂಗಿ ನೋಡಿದೆ. ಮೊದಲು ತಲೆಯಿಂದ ಒಂದು ಬೆರಳಗಲ ಕೆಳಗೆ ಸಮತೂಕ ನಿಲ್ಲುತ್ತಿದ್ದದ್ದು ಈಗ ನಾಲ್ಕು ಬೆರಳಗಲಕ್ಕೆ ಬಂದಿತ್ತು. ಹೊಡೆದರೆ ಏಟಿನಲ್ಲಿ ಜೀವವಿಲ್ಲ, ಸುತ್ತಿಗೆ ಹಿಂದಕ್ಕೆ ಎಳೆಯುತ್ತಿತ್ತು. ಚಾಕುವಿನಿಂದ ಸೀಸ ಕೆತ್ತುತ್ತ, ಹೊಡೆದು ನೋಡುತ್ತ ಹೋದೆ. ಮೂರು ಬೆರಳಿಗೆ ಬಂದಾಗ ಬಿಟ್ಟೆ. ಆಗ ಕೈ ಹಿಡಿದೂ ಹಿಡಿಯದ ಹಾಗಿತ್ತು. ಮೇಲೆ ಹೋದ ಸುತ್ತಿಗೆ ಇಳಿಯುವಾಗ ತಾನೇ ತಿರುಗಿ, ಮುಖವಿಡೀ ಕೂತು, ತಾನೇ ಎದ್ದು ಬಂತು. ಕುಡದ ಮೇಲೆ ಗಾಯವಿಲ್ಲ.

"ಬಂತಲ್ಲ ತಂಗಿ!" ಎಂದು ನಾಲಬಂದ ಅಣ್ಣ ಕೂಗಿದ. ಗೋಡೆಯ ಕಡೆ ನೋಡಿದೆ. ನಿಮ್ಮ ಅಜ್ಜ ಅಂದು ಕುಲುಮೆಗೆ ಬಂದೇ ಇರಲಿಲ್ಲ. ಕಾಲು ನೋವು ಎಂದು ಒಳಗೆ ಮಲಗಿದ್ದರು.

ಹದಿನೆಂಟು ಮನೆಯ ಕುಡವೂ ರೋಹಿಣಿಯ ಹಿಂದಿನ ದಿನ ಹೊರಬಿದ್ದವು. ಮನಗೂಳಿಗೆ ಹೋದವರಲ್ಲಿಯೂ ಇಬ್ಬರು ಮರಳಿ ಬಂದರು. ಮೊದಲು ಹಪ್ಪಳ ಎಂದಿದ್ದ ಹಿರಿಯರು ತಮ್ಮ ಇನ್ನೊಂದು ಕುಡ ಒಯ್ಯಲು ಬಂದು, ಬೆರಳಾಡಿಸಿ ನೋಡಿ, ನೆಟ್ಟಗೆ ಮನೆಯೊಳಗೆ ಹೋದರು. ಅಜ್ಜನ ಹೊರಸಿನ ಬಳಿ ನಿಂತು ದೊಡ್ಡ ದನಿಯಲ್ಲಿ, "ಇನ್ನ ಬೇಫಿಕೀರ ಮಲಕ್ಕೋ ಮಾರಾಯಾ! ನಿನ್ನ ಹೇಣ್ತಿ ಕೈ ನಿನಗಿಂತ ಒಂದ ಕೈ ಮ್ಯಾಲ ಆಗೇತಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಜ್ಜ ಅರ್ಧ ಮುಖದಿಂದ ನಕ್ಕರು.

ಅವರು ಹೋದ ಮೇಲೆ ನಾನು ಎಣ್ಣೆಯ ಬಟ್ಟಲು ತಂದು, ದಿನದ ಹಾಗೆ ಬಲಗೈ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಬೆರಳು ಬಿಡಿಸಲು ಹೋದೆ. ಎಡಗೈಯಿಂದ ನನ್ನ ಕೈ ಸರಿಸಿದರು.

"ಸಾಕ ಬಿಡು. ಇನ್ನ ಯಾತಕ್ಕ?"

ಅಂದಿನಿಂದ ಎಣ್ಣೆ ಮುಟ್ಟಿಸಗೊಡಲಿಲ್ಲ. ಸುತ್ತಿಗೆ ಕೇಳಲಿಲ್ಲ. ಕುಲುಮೆಯ ಸದ್ದು ಶುರುವಾದರೆ ಮಗ್ಗಲು ಬದಲಿಸುತ್ತಿದ್ದರು. ಬೆರಳುಗಳು ಒಳಕ್ಕೆ ಮಡಚಿ, ಉಗುರು ಅಂಗೈಗೆ ಚುಚ್ಚಿದವು. ನಾನು ಎಷ್ಟು ಬೇಡಿಕೊಂಡರೂ ಕೈ ಕೊಡಲಿಲ್ಲ. ಹಿಂಗಾರಿ ಬಿತ್ತನೆಗೆ ಮತ್ತೆ ಕುಡ, ಕುಳ ಬಂದವು. ಊರ ಕೆಲಸ ಒಂದೂ ಹಿಂದೆ ಬೀಳಲಿಲ್ಲ. ಬಿಳಿಜೋಳ ಮೊಳಕಾಲೆತ್ತರ ಬಂದಾಗ ಅವರು ಹೋದರು.

ಮೈ ತೊಳೆಯುವಾಗ ಓಣಿಯ ಹಿರಿಯರು ಆ ಮುಷ್ಟಿ ಬಿಡಿಸಲು ನೋಡಿದರು. ನಾನು ಬೇಡ ಎಂದೆ.